ಸ್ಟರ್ಲಿಂಗ್‌ಗೆ ಅರ್ಧ ದಿನ ಸಾಕಾ? ಸಾಲದು ಸ್ವಾಮಿ!

ಸ್ಕಾಟ್ಲೆಂಡಿನ ನಡುಮಧ್ಯದ ಸ್ಟರ್ಲಿಂಗ್ ನಗರದಲ್ಲಿ ಸಂಸಾರ ಹೂಡಿ ಕೂತವಳು ನಾನು. ಈ ಊರು ಮತ್ತು ಸುತ್ತಮುತ್ತಲ ಜಾಗಗಳ ಬಗ್ಗೆ ನೀವು ಕಳಿಸಿದ ಪ್ರಶ್ನೆಗಳನ್ನು ಸಂಪಾದಕರು ಕಟ್ಟು ಕಟ್ಟಿ ನನಗೆ ದಾಟಿಸಿದ್ದಾರೆ. ಒಂದೇ ಥರದವನ್ನು ಒಟ್ಟು ಸೇರಿಸಿ ಉತ್ತರಿಸಿದ್ದೇನೆ. ಯಾವ ಹೋಟೆಲ್ ಚೆನ್ನಾಗಿದೆ, ಯಾವ ಟೂರ್ ಕಂಪನಿ ಅಗ್ಗ ಎಂದು ಕೇಳಿದವರು ದಯವಿಟ್ಟು ಬೇಜಾರು ಮಾಡ್ಕೋಬೇಡಿ. ಅದಕ್ಕೆ ನಾನು ಕೈ ಹಾಕುವುದಿಲ್ಲ.

ಪ್ರಶ್ನೆ: ನಾವು ಗಂಡ ಹೆಂಡತಿ ಇಬ್ಬರೂ ನಿವೃತ್ತ ಶಿಕ್ಷಕರು. ಮಗನ ಮನೆ ಎಡಿನ್‌ಬರೋದಲ್ಲಿ. ಅಲ್ಲಿಂದ ಹೊರಡುವ ಒಂದು ದಿನದ ಬಸ್ ಟೂರಿನಲ್ಲಿ ಸ್ಟರ್ಲಿಂಗ್ ಕೋಟೆಗೆ ಒಂದೂವರೆ ಗಂಟೆ ಕೊಡುತ್ತಾರಂತೆ. ಅಷ್ಟು ಸಾಕಾ?

ಸಾಲದು ಮೇಷ್ಟ್ರೇ. ಒಂದೂವರೆ ಗಂಟೆಯಲ್ಲಿ ಟಿಕೆಟ್ ಸಾಲು, ಶೌಚಾಲಯದ ಸಾಲು, ಒಂದು ಕಾಫಿ, ನಾಲ್ಕು ಫೋಟೋ. ಅಷ್ಟರಲ್ಲಿ ಬಸ್ಸಿನವರು ಕೂಗುತ್ತಾರೆ. ಬಸ್ ಟೂರ್ ಬಿಟ್ಟು ರೈಲು ಹತ್ತಿ. ಎಡಿನ್‌ಬರೋ ವೇವರ್ಲಿ ನಿಲ್ದಾಣದಿಂದ ಹೆಚ್ಚುಕಡಿಮೆ 50 ನಿಮಿಷ. ಆದರೆ ಒಂದು ರಾತ್ರಿ ಇಲ್ಲೇ ಉಳಿಯಿರಿ, ಎರಡಾದರೆ ಇನ್ನೂ ಒಳ್ಳೆಯದು.

ಇನ್ನೊಂದು ಮಾತು. ರೈಲಿಳಿದ ಎಲ್ಲರೂ ಸೀದಾ ಕೋಟೆಗೆ ಹತ್ತುತ್ತಾರೆ. ನೀವು ಹಾಗೆ ಮಾಡಬೇಡಿ. ಮೊದಲು ಹಳೇ ಸೇತುವೆಗೆ ನಡೆಯಿರಿ. ನಿಲ್ದಾಣದಿಂದ ಕಾಲುಗಂಟೆಯ ಮೇಲೆ ಸ್ವಲ್ಪ ಆಗಬಹುದು, ಅಷ್ಟೇ. ನಾಲ್ಕು ಕಮಾನಿನ ಕಲ್ಲಿನ ಸೇತುವೆ, ಸುಮಾರು 500 ವರ್ಷ ಹಳೆಯದು. ಈಗ ಕಾಲ್ನಡಿಗೆಯವರಿಗೂ ಸೈಕಲ್ಲಿನವರಿಗೂ ಮಾತ್ರ ಬಿಟ್ಟಿದ್ದಾರೆ. ಅದರ ನಡುವೆ ನಿಂತು ಒಮ್ಮೆ ಸುತ್ತ ನೋಡಿ. ಒಂದು ಕಡೆ ಬಂಡೆಯ ಮೇಲೆ ಕೋಟೆ. ಇನ್ನೊಂದು ಕಡೆ ಗುಡ್ಡದ ನೆತ್ತಿಯಲ್ಲಿ, ಇಂಗ್ಲಿಷರ ವಿರುದ್ಧ ಹೋರಾಡಿದ ಸ್ಕಾಟಿಷ್ ವೀರ ವಾಲೇಸನ ಸ್ಮಾರಕದ ಗೋಪುರ. ಕೆಳಗೆ ಕಂದು ಬಣ್ಣದ ಫೋರ್ತ್ ನದಿ. ಸಮುದ್ರದ ಉಬ್ಬರವಿಳಿತ ಇಲ್ಲಿಯವರೆಗೂ ಬರುತ್ತದೆ.

ಈ ನದಿಯೇ ಊರಿನ ಕಥೆಯ ಬೀಗದ ಕೈ. ಪೂರ್ವಕ್ಕೆ ಹೋದರೆ ಫೋರ್ತ್ ಅಗಲವಾಗುತ್ತಾ ಸಮುದ್ರವೇ ಆಗಿಬಿಡುತ್ತದೆ. ಪಶ್ಚಿಮಕ್ಕೆ ಹೋದರೆ ಫ್ಲಾಂಡರ್ಸ್ ಮಾಸ್ ಎಂಬ ದೊಡ್ಡ ಜೌಗು, ಕಾಲಿಟ್ಟರೆ ಹೂಳುತ್ತದೆ. ಹಿಂದಿನ ಕಾಲದಲ್ಲಿ ದಕ್ಷಿಣದಿಂದ ಉತ್ತರಕ್ಕೆ ಸೈನ್ಯ ಹೋಗಬೇಕು ಅಂದರೆ ಇಲ್ಲೇ ದಾಟಬೇಕು. ಅದಕ್ಕೇ ಬಂಡೆಯ ಮೇಲೆ ಕೋಟೆ, ಅದಕ್ಕೇ ಅಷ್ಟೊಂದು ಯುದ್ಧ. 1297ರಲ್ಲಿ ಸ್ಟರ್ಲಿಂಗ್ ಬ್ರಿಜ್ ಕದನ, 1314ರಲ್ಲಿ ಬ್ಯಾನಕ್‌ಬರ್ನ್ ಕದನ. ಎರಡೂ ಸ್ಕಾಟರಿಗೂ ಇಂಗ್ಲಿಷರಿಗೂ ನಡೆದದ್ದು, ಎರಡಕ್ಕೂ ಕಾರಣ ಈ ದಾರಿ ಯಾರ ಕೈಲಿರಬೇಕು ಅನ್ನುವುದೇ. 1745ರಲ್ಲಿ ಜಾಕೋಬೈಟ್ ಬಂಡಾಯಗಾರರು, ಅಂದರೆ ಪಟ್ಟ ಕಳೆದುಕೊಂಡ ಸ್ಟುವರ್ಟ್ ರಾಜಮನೆತನದ ಪರ ಎದ್ದವರು, ದಾಟಬಾರದು ಎಂದು ಸರ್ಕಾರದ ಕಡೆಯವರು ಈ ಕಲ್ಲಿನ ಸೇತುವೆಯ ಒಂದು ಕಮಾನನ್ನೇ ಒಡೆಸಿ ಹಾಕಿದರು. ನಾಲ್ಕು ವರ್ಷದ ಮೇಲೆ ಮತ್ತೆ ಕಟ್ಟಿದರು. ಇಷ್ಟು ತಲೆಯಲ್ಲಿಟ್ಟುಕೊಂಡು ಕೋಟೆಗೆ ಹೋದರೆ ಅಲ್ಲಿನ ಪ್ರತಿ ತೋಪಿನ ಬಾಯಿ ಯಾಕೆ ಆ ದಿಕ್ಕಿಗಿದೆ ಅಂತ ಯಾರೂ ಹೇಳಿಕೊಡಬೇಕಿಲ್ಲ.

ಕೋಟೆಗೆ ಮೂರು ಗಂಟೆ ಇಟ್ಟುಕೊಳ್ಳಿ. ಬಾಗಿಲು ಬೆಳಿಗ್ಗೆ 9:30ಕ್ಕೆ ತೆರೆಯುತ್ತದೆ. ಆಗಲೇ ಒಳಗಿದ್ದರೆ ಟೂರ್ ಬಸ್ಸುಗಳು ಬರುವ ಹೊತ್ತಿಗೆ ನೀವು ಅರ್ಧ ಮುಗಿಸಿರುತ್ತೀರಿ. ಟಿಕೆಟ್ ಆನ್‌ಲೈನಿನಲ್ಲಿ ಮೊದಲೇ ತಗೊಳ್ಳಿ, ಬಾಗಿಲಲ್ಲಿ ಕೊಳ್ಳುವುದಕ್ಕಿಂತ ಕಡಿಮೆ. ಅದೇ ದುಡ್ಡಿನಲ್ಲಿ ಗೈಡ್ ಜೊತೆಗಿನ ಸುತ್ತಾಟವೂ ಸೇರಿದೆ. ಎಷ್ಟೋ ಜನಕ್ಕೆ ಇದು ಗೊತ್ತೇ ಇರುವುದಿಲ್ಲ.

ಇಳಿಯುವಾಗ ಹೋಲಿ ರೂಡ್ ಚರ್ಚಿಗೆ ಹೋಗಿ. 1567ರಲ್ಲಿ ಆರನೇ ಜೇಮ್ಸ್‌ಗೆ ಇಲ್ಲಿ ಪಟ್ಟ ಕಟ್ಟಿದಾಗ ಅವನು 13 ತಿಂಗಳ ಕೂಸು. ಒಳಗೆ ತಲೆ ಎತ್ತಿದರೆ ಓಕ್ ಮರದ ತೊಲೆಗಳ ಹಳೇ ಚಾವಣಿ ಕಾಣುತ್ತದೆ. ಮೊಳೆಯ ಬದಲು ಮರದ ಗೂಟ ಹೊಡೆದು ಜೋಡಿಸಿದ್ದು. ಮೇಷ್ಟ್ರು ಸ್ವಲ್ಪ ಹೊತ್ತು ಬೆಂಚಿನ ಮೇಲೆ ಕೂತು ಅದನ್ನೇ ನೋಡಲಿ. ಆಮೇಲೆ ಊರಗೋಡೆಯನ್ನು ಬಳಸಿಕೊಂಡು ಹೋಗುವ ಬ್ಯಾಕ್ ವಾಕ್ ಎಂಬ ಕಾಲುದಾರಿಯಲ್ಲಿ ಕೆಳಗಿಳಿಯಿರಿ.

ಪ್ರಶ್ನೆ: ವಾಲೇಸ್ ಬಗ್ಗೆ ಬಂದ ಹಾಲಿವುಡ್ ಸಿನಿಮಾ ನೋಡಿದ್ದೇನೆ. ಅದರಲ್ಲಿ ಸೇತುವೆಯೇ ಇರಲಿಲ್ಲವಲ್ಲ?

ಇರಲಿಲ್ಲ ನಿಜ. ಊರಿನವರು ಇವತ್ತಿಗೂ ಅದನ್ನು ಹೇಳಿಕೊಂಡು ನಗುತ್ತಾರೆ. ಸೇತುವೆ ಇಲ್ಲದೆ ಆ ಕದನವೇ ಇಲ್ಲ.

1297ರ ಸೆಪ್ಟೆಂಬರ್ 11. ಆಗ ಇದ್ದದ್ದು ಮರದ ಸೇತುವೆ, ಈಗಿನದಕ್ಕಿಂತ ಸ್ವಲ್ಪ ಮೇಲಕ್ಕೆ. ಎಷ್ಟು ಕಿರಿದು ಅಂದರೆ ಕುದುರೆ ಸವಾರರು ಇಬ್ಬಿಬ್ಬರಾಗಿ ದಾಟಬೇಕು. ವಿಲಿಯಂ ವಾಲೇಸ್ ಮತ್ತು ಆಂಡ್ರ್ಯೂ ಮೊರೆ ಎದುರಿನ ಆ್ಯಬಿ ಕ್ರೇಗ್ ಗುಡ್ಡದಲ್ಲಿ ಸುಮ್ನೆ ಕಾದರು. ಇಂಗ್ಲಿಷ್ ಸೈನ್ಯ ಒಂದಷ್ಟು ದಾಟುವವರೆಗೆ ಬಿಟ್ಟು, ಆಮೇಲೆ ಇಳಿದು ಬಂದು ಸೇತುವೆಯ ತಲೆಯನ್ನು ಹಿಡಿದುಕೊಂಡರು. ದಾಟಿದವರಿಗೆ ವಾಪಸ್ ಹೋಗಲು ದಾರಿಯಿಲ್ಲ. ಆಚೆ ಇದ್ದವರಿಗೆ ನೆರವಿಗೆ ಬರಲು ದಾರಿಯಿಲ್ಲ. ಹಿಂದೆ ನದಿ, ಕಾಲಡಿ ಕೆಸರು. ಇಂಗ್ಲಿಷ್ ದಂಡನಾಯಕ, ಸರ್ರೆಯ ಅರ್ಲ್, ಆಚೆ ದಡದಲ್ಲೇ ಇದ್ದ. ಅವನು ಬದುಕಿದ. ಖಜಾನೆ ನೋಡಿಕೊಳ್ಳುತ್ತಿದ್ದ ಕ್ರೆಸಿಂಗ್‌ಹ್ಯಾಂ ಸೇತುವೆ ದಾಟಿದ್ದ. ಅವನು ಸತ್ತ.

ನನಗೆ ಬೇಸರ ಆಗುವುದು ಮೊರೆಯ ವಿಷಯದಲ್ಲಿ. ಗೆಲುವು ಇಬ್ಬರದೂ. ಅಲ್ಲಿ ಬಿದ್ದ ಪೆಟ್ಟಿನಿಂದಲೇ ಸ್ವಲ್ಪ ದಿನಕ್ಕೆ ಮೊರೆ ತೀರಿಕೊಂಡ ಅನ್ನುತ್ತಾರೆ. ಗೋಪುರ, ಕತ್ತಿ, ಸಿನಿಮಾ ಎಲ್ಲ ವಾಲೇಸನ ಪಾಲಾಯಿತು. ಅಂದಹಾಗೆ ಸಿನಿಮಾದಲ್ಲಿ ಎಲ್ಲರೂ ಉಟ್ಟುಕೊಂಡ ಆ ಚೌಕಳಿ ಬಟ್ಟೆಯೂ ಆ ಕಾಲದ್ದಲ್ಲ, ಮುನ್ನೂರು ವರ್ಷ ಆದಮೇಲೆ ಬಂದದ್ದು.

ಪ್ರಶ್ನೆ: ನಮ್ಮ ಅತ್ತೆಯವರಿಗೆ 72. ಮಂಡಿ ನೋವಿದೆ. ವಾಲೇಸ್ ಸ್ಮಾರಕ ಹತ್ತಬೇಕು ಅನ್ನುತ್ತಾರೆ. ಲಿಫ್ಟ್ ಇದೆಯಾ?

ಇಲ್ಲ ಕಣಮ್ಮ. 246 ಮೆಟ್ಟಿಲು, ಎಲ್ಲವೂ ಸುರುಳಿ, ಕಲ್ಲಿನವು, ಕಿರಿದು. ಹತ್ತುವವರೂ ಇಳಿಯುವವರೂ ಅದರಲ್ಲೇ. ಎದುರು ಯಾರಾದರೂ ಬಂದರೆ ಗೋಡೆಗೆ ಅಂಟಿ ನಿಲ್ಲಬೇಕು. ಮಧ್ಯೆ ಕೋಣೆಗಳಿವೆ, ಅಲ್ಲಿ ಕೂತು ಸುಧಾರಿಸಿಕೊಳ್ಳಬಹುದು. ಆದರೂ ಮಂಡಿ ನೋವಿನವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ, ಅಲ್ವಾ?

ಹೀಗೆ ಮಾಡಿ. ಗುಡ್ಡದ ಬುಡದ ಕಚೇರಿಯಿಂದ ಮೇಲಿನವರೆಗೆ ಮಿನಿಬಸ್ ಓಡಾಡುತ್ತದೆ. ಅದರಲ್ಲಿ ಅತ್ತೆಯವರನ್ನು ಗೋಪುರದ ಬಾಗಿಲವರೆಗೂ ಕರೆದೊಯ್ಯಿರಿ. ಅಲ್ಲಿಂದಲೇ ಬಯಲು, ಕೋಟೆ ಎರಡೂ ಚೆನ್ನಾಗಿ ಕಾಣುತ್ತವೆ. ನೀವು ಹತ್ತಿ ಬನ್ನಿ, ಒಬ್ಬರು ಅವರ ಜೊತೆ ಇರಲಿ. ಮೇಲೆ ವಾಲೇಸನದ್ದು ಎನ್ನುವ ಕತ್ತಿ ಇದೆ. ಉದ್ದ 1.63 ಮೀಟರ್. ಗಾಜಿನ ಪೆಟ್ಟಿಗೆಯ ಪಕ್ಕ ನಿಂತರೆ ಹೆಚ್ಚುಕಡಿಮೆ ನಿಮ್ಮಷ್ಟೇ ಎತ್ತರ. ಅದು ಅವನದ್ದೇನಾ ಎಂದು ತಜ್ಞರಿಗೆ ಅನುಮಾನವಿದೆ. ಅತ್ತೆಯವರಿಗೆ ಫೋಟೋ ತೋರಿಸುವಾಗ ಅದನ್ನೇನೂ ಹೇಳಬೇಕಾಗಿಲ್ಲ ಬಿಡಿ. 67 ಮೀಟರ್ ಎತ್ತರದ ಈ ಗೋಪುರವನ್ನು ಜನರಿಂದ ಚಂದಾ ಎತ್ತಿ ಕಟ್ಟಿ 1869ರಲ್ಲಿ ತೆರೆದರು. ತುದಿಯಲ್ಲಿ ಕಲ್ಲಿನ ಕಿರೀಟ. ಅಲ್ಲಿ ಗಾಳಿ ಹೇಗಿರುತ್ತದೆ ಅಂದರೆ ಟೋಪಿ ಹಾಕಿಕೊಂಡು ಹೋದವರು ಅದನ್ನು ಕೈಯಲ್ಲಿ ಹಿಡಿದೇ ನಿಲ್ಲಬೇಕು. ನದಿ ಹಾವಿನ ಥರ ಸುತ್ತಿ ಸುತ್ತಿ ಹೋಗುವುದನ್ನು ನೋಡಲು ಅದಕ್ಕಿಂತ ಒಳ್ಳೇ ಜಾಗ ಇಲ್ಲ.

ಕೋಟೆಗೆ ಅತ್ತೆಯವರನ್ನು ಟ್ಯಾಕ್ಸಿಯಲ್ಲಿ ಮೇಲಿನ ಬಯಲಿನವರೆಗೆ ಕರೆದುಕೊಂಡು ಹೋಗಿ. ಹಳೇ ಪೇಟೆಯ ಏರು ಕಡಿದಾಗಿದೆ. ಒಳಗೂ ಗುಂಡುಕಲ್ಲಿನ ನೆಲ, ಮಳೆ ಬಂದರೆ ಜಾರುತ್ತದೆ. ಅಟ್ಟೆ ಗಟ್ಟಿಯಿರುವ ಬೂಟು ಹಾಕಿಸಿ.

ಪ್ರಶ್ನೆ: 8 ಮತ್ತು 11 ವರ್ಷದ ಗಂಡು ಮಕ್ಕಳಿದ್ದಾರೆ. ಕೋಟೆ, ರಾಜರು ಅಂದರೆ ಆಕಳಿಸುತ್ತಾರೆ. ಏನು ತೋರಿಸಲಿ?

ಇದು ನನಗೆ ತುಂಬಾ ಇಷ್ಟವಾದ ಪ್ರಶ್ನೆ. ರಾಜರ ಪಟ್ಟಿ ಹೇಳಬೇಡಿ. ಮೊದಲು ಕೋಟೆಯ ಗೋಡೆಯ ಅಂಚಿಗೆ ಕರೆದುಕೊಂಡು ಹೋಗಿ ಕೆಳಗೆ ಇಣುಕಿಸಿ. ಆಮೇಲೆ ಈ ಕಥೆ ಹೇಳಿ. ನಾಲ್ಕನೇ ಜೇಮ್ಸ್‌ನ ಆಸ್ಥಾನದಲ್ಲಿ ಜಾನ್ ಡೇಮಿಯನ್ ಎಂಬ ಇಟಲಿಯವನಿದ್ದ. ಚಿನ್ನ ಮಾಡಿಕೊಡುತ್ತೇನೆ ಎಂದು ರಾಜನ ದುಡ್ಡಿನಲ್ಲಿ ಒಲೆ ಉರಿಸುತ್ತಿದ್ದ. 1507ರಲ್ಲಿ, ಫ್ರಾನ್ಸಿಗೆ ಹಾರಿ ಹೋಗುತ್ತೇನೆ ಅಂತ ರೆಕ್ಕೆ ಕಟ್ಟಿಕೊಂಡು ಈ ಗೋಡೆಯಿಂದ ಜಿಗಿದನಂತೆ. ನೇರ ತಿಪ್ಪೆಗೆ ಬಿದ್ದು ತೊಡೆ ಮುರಿದುಕೊಂಡ. ಅವನು ಕೊಟ್ಟ ಕಾರಣ ಕೇಳಿ: ರೆಕ್ಕೆಯಲ್ಲಿ ಹದ್ದಿನ ಗರಿಯ ಜೊತೆ ಕೋಳಿ ಗರಿ ಸೇರಿಬಿಟ್ಟಿತ್ತು, ಕೋಳಿಗೆ ತಿಪ್ಪೆ ಇಷ್ಟ, ಅದಕ್ಕೇ ಅತ್ತ ಎಳೆಯಿತು! ನಿಮ್ಮ ಹುಡುಗರು ಅಲ್ಲಿಂದ ಮುಂದೆ ಆಕಳಿಸುವುದಿಲ್ಲ.

ದೊಡ್ಡವನಿಗೆ ಇನ್ನೊಂದು. 1452ರಲ್ಲಿ ಎರಡನೇ ಜೇಮ್ಸ್ ರಾಜ ಡಗ್ಲಸ್ ಮನೆತನದ ಅರ್ಲ್‌ನನ್ನು, ಏನೂ ಮಾಡುವುದಿಲ್ಲ ಎಂದು ಮಾತು ಕೊಟ್ಟು, ಊಟಕ್ಕೆ ಕರೆದ. ಕೊನೆಗೆ ತಾನೇ ಚೂರಿ ಹಾಕಿದ. ಹೆಣವನ್ನು ಕಿಟಕಿಯಿಂದ ಹೊರಕ್ಕೆ ಎಸೆದರು. ಆ ಕಡೆಯ ತೋಟಕ್ಕೆ ಈಗಲೂ ಡಗ್ಲಸ್ ಗಾರ್ಡನ್ ಅಂತಲೇ ಹೆಸರು.

ಗ್ರೇಟ್ ಹಾಲ್ ಹೊರಗಿನಿಂದ ಹಳದಿ ಬಣ್ಣದ್ದು, ದೂರದಿಂದಲೇ ಹೊಳೆಯುತ್ತದೆ. ಒಳಗೆ ಐದು ದೊಡ್ಡ ಬೆಂಕಿಗೂಡುಗಳಿವೆ. 1594ರಲ್ಲಿ ರಾಜಕುಮಾರ ಹೆನ್ರಿಯ ನಾಮಕರಣದ ಊಟ ಇಲ್ಲೇ ನಡೆದದ್ದು. ಆಗ ಮೀನಿನ ಅಡುಗೆಯನ್ನು ಹಡಗಿನಲ್ಲಿಟ್ಟು ಬಡಿಸಿದರು. ಹೌದು, ಹಾಲ್ ಒಳಗೆ, ನಿಜವಾದ ತೋಪು ಹಾರಿಸುವ ಮಾದರಿ ಹಡಗು.

ಅರಮನೆಯ ಮಹಡಿಯಲ್ಲಿ ಸ್ಟರ್ಲಿಂಗ್ ಹೆಡ್ಸ್ ಎಂಬ ಕೆತ್ತನೆಗಳಿವೆ. ಓಕ್ ಮರದ ದುಂಡು ಹಲಗೆಗಳಲ್ಲಿ ಕೆತ್ತಿದ ಮುಖಗಳು, 1540ರ ಆಸುಪಾಸಿನವು. ಒಂದೊಂದೂ ದೊಡ್ಡ ತಟ್ಟೆಗಿಂತ ಅಗಲ. ಮೂಲದಲ್ಲಿ ಇವು ರಾಜನ ಕೋಣೆಯ ಚಾವಣಿಯಲ್ಲಿದ್ದವು. 1777ರಲ್ಲಿ ಒಂದು ಕಳಚಿ ಸೈನಿಕನೊಬ್ಬನ ಮೇಲೆ ಬಿತ್ತು, ಆಗ ಎಲ್ಲವನ್ನೂ ಇಳಿಸಿದರು. ಅದರಲ್ಲೊಂದು ಹಲಗೆಯನ್ನು ಮಕ್ಕಳಿಗೆ ಹುಡುಕಲು ಹೇಳಿ. ಅದರ ಅಂಚಿನ ಸುತ್ತ ಸೊನ್ನೆ, ಒಂದು ಗೀಟು, ಎರಡು ಗೀಟು ಹೀಗೆ ಸಾಲಾಗಿ ಕೆತ್ತಿದ್ದಾರೆ. ಅದು ಬರೀ ಅಲಂಕಾರವಲ್ಲ, ಹಾರ್ಪ್ ವಾದ್ಯಕ್ಕೆ ಬರೆದ ಸಂಗೀತ ಇರಬೇಕು ಎನ್ನುತ್ತಾರೆ. ಕೆಳಗಿನ ಕೋಣೆಗೆ ಹೋದರೆ ಇದೇ ಮುಖಗಳ ಹೊಸ ಪ್ರತಿಗಳು ಕೆಂಪು, ನೀಲಿ, ಚಿನ್ನದ ಬಣ್ಣ ಬಳಿದುಕೊಂಡು ಚಾವಣಿ ತುಂಬ ಕೂತಿವೆ. ಹಳೆಯ ಬೋಳು ಮರ ಚಂದವಾ, ಹೊಸ ಬಣ್ಣ ಚಂದವಾ ಎಂದು ಜಗಳ ಹಚ್ಚಿ. ನಾನು ಬೋಳು ಮರದ ಪಕ್ಷ.

ನೆಲಮಾಳಿಗೆಯ ಕಮಾನು ಕೋಣೆಗಳಲ್ಲಿ ಮಕ್ಕಳು ಹಳೇ ಕಾಲದ ಬಟ್ಟೆ ಹಾಕಿಕೊಂಡು ನೋಡಬಹುದು, ವಾದ್ಯ ಬಾರಿಸಬಹುದು. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲೇ ಹೋದರೆ ಅಲ್ಲಿಂದ ಎಬ್ಬಿಸಲಾಗುವುದಿಲ್ಲ.

ಕೋಟೆ ಆದಮೇಲೆ ಸ್ಮಿತ್ ಮ್ಯೂಸಿಯಂ. ಪ್ರವೇಶ ಉಚಿತ. ವಾರದ ಎಲ್ಲ ದಿನವೂ ತೆರೆದಿರುವುದಿಲ್ಲ, ನೋಡಿಕೊಂಡು ಹೋಗಿ. ಅಲ್ಲಿರುವ ಒಂದು ಚೆಂಡು ಜಗತ್ತಿನಲ್ಲಿ ಉಳಿದಿರುವ ಅತಿ ಹಳೆಯ ಫುಟ್‌ಬಾಲ್ ಎನ್ನುತ್ತಾರೆ. ಹಂದಿಯ ಮೂತ್ರಕೋಶಕ್ಕೆ ಗಾಳಿ ತುಂಬಿ ಮೇಲೆ ಚರ್ಮ ಹೊಲಿದದ್ದು. 16ನೇ ಶತಮಾನದ್ದು. ಸಿಕ್ಕಿದ್ದು ಎಲ್ಲಿ ಗೊತ್ತಾ? ಕೋಟೆಯಲ್ಲಿ, ರಾಣಿಯ ಕೋಣೆಯ ಮರದ ಹಲಗೆಗಳ ಹಿಂದೆ. ಅಲ್ಲಿಗೆ ಒದ್ದವರು ಯಾರೋ! ಈಗಿನ ಚೆಂಡಿನ ಅರ್ಧ ಇರಬಹುದು ಅಷ್ಟೇ, ಕಂದು ಬಣ್ಣಕ್ಕೆ ತಿರುಗಿ ಮುದುಡಿದೆ. ಹೊಲಿಗೆ ಮಾತ್ರ ಎಣಿಸುವ ಹಾಗೆ ಕಾಣುತ್ತದೆ.

ಪ್ರಶ್ನೆ: ನಾವು ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿಗಳು. ಅಲ್ಲಿ ಉಪವಾಸವಾ?

ಉಪವಾಸ ಏನಿಲ್ಲ. ಸ್ಕಾಟ್ಲೆಂಡ್ ಅಂದರೆ ಹ್ಯಾಗಿಸ್, ಅದು ಕುರಿಯ ಒಳಭಾಗಗಳ ಅಡುಗೆ ಎಂದು ಹೆದರುತ್ತಾರೆ. ಅದಕ್ಕೂ ಸಸ್ಯಾಹಾರಿ ರೂಪವಿದೆ. ಓಟ್ಸ್, ಬೇಳೆಕಾಳು, ತರಕಾರಿ, ಮೇಲೆ ಮೆಣಸಿನ ಪುಡಿ ಮುಂದಾಗಿರುತ್ತದೆ. ನನಗೆ ಮೂಲದ್ದಕ್ಕಿಂತ ಇದೇ ರುಚಿ. ಟ್ಯಾಟಿ ಸ್ಕೋನ್ ಎಂಬ ಆಲೂಗಡ್ಡೆ ರೊಟ್ಟಿ ಬೆಳಗಿನ ತಿಂಡಿಗೆ ಸಿಗುತ್ತದೆ. ಓಟ್ಸ್ ಗಂಜಿ ಎಲ್ಲ ಕಡೆ ಇದೆ, ಹಾಲಿನಲ್ಲೋ ನೀರಿನಲ್ಲೋ ಎಂದು ಕೇಳಿಕೊಳ್ಳಿ.

ಎಚ್ಚರ ಬೇಕಾದದ್ದು ಒಂದೇ ಕಡೆ, ಬೇಳೆ ಸೂಪು. ಬೇಳೆ ಅಂದ ತಕ್ಷಣ ಕಣ್ಣು ಮುಚ್ಚಿ ಆರ್ಡರ್ ಮಾಡುತ್ತೀರಿ. ಇಲ್ಲಿನ ಹಳೇ ಪದ್ಧತಿಯಲ್ಲಿ ಅದನ್ನು ಹಂದಿ ಮೂಳೆ ಬೇಯಿಸಿದ ನೀರಿನಲ್ಲಿ ಮಾಡುತ್ತಾರೆ. "ಯಾವ ಸ್ಟಾಕ್ ಹಾಕಿದ್ದೀರಿ?" ಎಂದು ಕೇಳಿಯೇ ತಗೊಳ್ಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಸಿಹಿಗೆ ಟ್ಯಾಬ್ಲೆಟ್ ಎಂಬ ಸಕ್ಕರೆ, ಬೆಣ್ಣೆ, ಮಂದ ಹಾಲಿನ ಗಟ್ಟಿ ಮಿಠಾಯಿ ಇದೆ. ಒಂದು ತುಂಡು ಸಾಕು, ಹಲ್ಲು ಜುಂ ಅನ್ನುತ್ತದೆ. ಮೊಟ್ಟೆ ಇಲ್ಲದ ಬಿಸ್ಕತ್ತು ಬೇಕಾದರೆ ಶಾರ್ಟ್‌ಬ್ರೆಡ್. ಮೈದಾ, ಬೆಣ್ಣೆ, ಸಕ್ಕರೆ ಅಷ್ಟೇ ಅದರ ಮೂಲ.

ಪ್ರಶ್ನೆ: ಕಾರಿಲ್ಲದೆ ಸುತ್ತಮುತ್ತ ಏನೇನು ನೋಡಬಹುದು?

ರೈಲಿನ ದಾರಿಯಲ್ಲೇ ಬೇಕಾದಷ್ಟಿದೆ. ಉತ್ತರಕ್ಕೆ ಡನ್‌ಬ್ಲೇನ್. ನಿಲ್ದಾಣದಿಂದ ನಡೆದುಕೊಂಡೇ ಹಳೇ ಕೆಥೀಡ್ರಲ್ ತಲುಪಬಹುದು. ಟೆನಿಸ್ ಆಟಗಾರ ಆಂಡಿ ಮರ್ರೆಯ ಊರು ಅದು. 2012ರಲ್ಲಿ ಅವನು ಒಲಿಂಪಿಕ್ ಚಿನ್ನ ಗೆದ್ದಾಗ ಕೆಂಪು ಅಂಚೆಪೆಟ್ಟಿಗೆಗೆ ಚಿನ್ನದ ಬಣ್ಣ ಹೊಡೆದರು, ಇವತ್ತಿಗೂ ಹಾಗೇ ಇದೆ.

ಎಡಿನ್‌ಬರೋ ಕಡೆಯ ರೈಲಿನಲ್ಲಿ ಕ್ಯಾಮೆಲನ್ ನಿಲ್ದಾಣದಲ್ಲಿ ಇಳಿದರೆ ಫಾಲ್ಕಿರ್ಕ್ ವೀಲ್‌ಗೆ ನಡೆಯಬಹುದು. ಎರಡು ಕಾಲುವೆಗಳ ನಡುವೆ ದೋಣಿಗಳನ್ನು 24 ಮೀಟರ್ ಎತ್ತಿ ಇಳಿಸಲು 2002ರಲ್ಲಿ ಮಾಡಿದ ತಿರುಗುವ ಯಂತ್ರ. ಎರಡು ತೊಟ್ಟಿ, ಎರಡರಲ್ಲೂ ನೀರು. ದೋಣಿ ಒಳಗೆ ಬಂದರೆ ತನ್ನ ತೂಕದಷ್ಟೇ ನೀರನ್ನು ಹೊರಗೆ ತಳ್ಳುತ್ತದೆ. ಹಾಗಾಗಿ ದೋಣಿ ಇದ್ದರೂ ಇಲ್ಲದಿದ್ದರೂ ಎರಡೂ ಕಡೆಯ ತೂಕ ಸಮ. ಅದಕ್ಕೇ ಇಷ್ಟು ದೊಡ್ಡ ಯಂತ್ರ ಚೂರೇ ಚೂರು ಕರೆಂಟಿನಲ್ಲಿ ತಿರುಗುತ್ತದೆ. ಮೊದಲಿನ ಪ್ರಶ್ನೆಯ ಮೇಷ್ಟ್ರು ವಿಜ್ಞಾನದವರಾಗಿದ್ದರೆ ಖಂಡಿತ ಹೋಗಬೇಕು. ಅದೇ ಊರಿನಲ್ಲಿ ಕೆಲ್ಪೀಸ್, 30 ಮೀಟರ್ ಎತ್ತರದ ಉಕ್ಕಿನ ಎರಡು ಕುದುರೆ ತಲೆಗಳು. ಹೊರಗಿನಿಂದ ನೋಡಲು ದುಡ್ಡಿಲ್ಲ.

ಬಸ್ಸಿನಲ್ಲಿ ಕ್ಯಾಲಂಡರ್ ಎಂಬ ಊರಿನ ಕಡೆ ಹೋದರೆ ದಾರಿಯಲ್ಲಿ ಡೂನ್ ಕೋಟೆ. ಸಿನಿಮಾದವರಿಗೆ ಅಚ್ಚುಮೆಚ್ಚು. ಕ್ಯಾಲಂಡರ್‌ನಿಂದ ಲಾಕ್ ಕ್ಯಾಟ್ರಿನ್ ಸರೋವರಕ್ಕೆ ಟ್ಯಾಕ್ಸಿ ಮಾತಾಡಿಕೊಳ್ಳಬೇಕು, ವಾಪಸ್ ಬರುವುದಕ್ಕೂ ಆಗಲೇ ಹೇಳಿಡಿ. 1859ರಿಂದ ಗ್ಲ್ಯಾಸ್ಗೋ ನಗರ ಕುಡಿಯುವ ನೀರು ಇಲ್ಲಿಂದಲೇ ಹೋಗುತ್ತದೆ, ಪಂಪ್ ಇಲ್ಲದೆ, ಇಳಿಜಾರಿನಲ್ಲೇ. ಬ್ಯಾನಕ್‌ಬರ್ನ್ ಯುದ್ಧಭೂಮಿಗೆ ಸಿಟಿ ಬಸ್ಸು ಸಾಕು. ಅಲ್ಲಿ ಆ ಕದನ ಗೆದ್ದ ಸ್ಕಾಟಿಷ್ ರಾಜ ರಾಬರ್ಟ್ ಬ್ರೂಸ್ ಕುದುರೆಯ ಮೇಲೆ ಕೂತ ಪ್ರತಿಮೆ ಇದೆ. ಸಮಯ ಕಡಿಮೆಯಿದ್ದರೆ ಬಿಡಬೇಕಾದ್ದು ಇದೇ. ಇತಿಹಾಸದ ಮೇಷ್ಟ್ರುಗಳು ಬೈದುಕೊಳ್ಳಲಿ.

ಪ್ರಶ್ನೆ: ಯಾವ ತಿಂಗಳು ಒಳ್ಳೆಯದು? ಛತ್ರಿ ತರಬೇಕಾ?

ಮೇ ತಿಂಗಳು. ಜೂನ್ ಕೊನೆಗೆ ರಾತ್ರಿ ಹತ್ತರವರೆಗೂ ಬೆಳಕು ಇರುತ್ತದೆ, ಆದರೆ ಸರೋವರಗಳ ಹತ್ತಿರ ಮಿಜ್ ಎಂಬ ಸಣ್ಣ ನೊಣಗಳ ಕಾಟ. ಗಾಳಿಯಿಲ್ಲದ ಸಂಜೆ ಮುತ್ತಿಕೊಳ್ಳುತ್ತವೆ, ಗಾಳಿ ಬಂದರೆ ಮಾಯ. ಡಿಸೆಂಬರ್‌ನಲ್ಲಿ ಮಧ್ಯಾಹ್ನ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಕೋಟೆ 25 ಮತ್ತು 26ರಂದು ಮುಚ್ಚಿರುತ್ತದೆ. ಛತ್ರಿ ಬೇಡ, ಕೋಟೆಯ ಗಾಳಿಗೆ ಉಲ್ಟಾ ಆಗುತ್ತದೆ. ತಲೆಗೂ ಮುಚ್ಚುವ ರೇನ್‌ಕೋಟ್ ತನ್ನಿ.

ಪ್ರಶ್ನೆ: ಅಂಗಡಿಯಲ್ಲಿ ಚಿಲ್ಲರೆ ಕೊಡುವಾಗ ಬೇರೆ ಥರದ ಪೌಂಡ್ ನೋಟು ಕೊಡುತ್ತಾರಂತೆ. ನಕಲಿಯಾ?

ಅಲ್ಲ. ಇಲ್ಲಿ ಮೂರು ಬ್ಯಾಂಕುಗಳು ತಮ್ಮದೇ ನೋಟು ಅಚ್ಚು ಹಾಕುತ್ತವೆ. ಬೆಲೆ ಒಂದೇ. ಆದರೆ ದೇಶ ಬಿಟ್ಟಮೇಲೆ ಹಣ ಬದಲಾಯಿಸುವವರು ಮುಖ ಸಿಂಡರಿಸುತ್ತಾರೆ. ಹೊರಡುವ ಮೊದಲು ಖರ್ಚು ಮಾಡಿಬಿಡಿ.

ಪ್ರಶ್ನೆ: ಬಾಡಿಗೆ ಕಾರು ಓಡಿಸುವ ಧೈರ್ಯ ಮಾಡಬಹುದಾ?

ಮಾಡಿ. ರಸ್ತೆಯ ಎಡಬದಿಯಲ್ಲೇ ಓಡಿಸುವುದು. ಭಾರತದ ಲೈಸೆನ್ಸ್ ಬಂದ ದಿನದಿಂದ 12 ತಿಂಗಳು ನಡೆಯುತ್ತದೆ. ಕುಡಿದು ಓಡಿಸುವ ಮಿತಿ ಇಂಗ್ಲೆಂಡಿಗಿಂತ ಇಲ್ಲಿ ಬಿಗಿ, ಒಂದು ಗ್ಲಾಸ್ ಅಂತ ಶುರು ಮಾಡಲೇಬೇಡಿ.

ಟ್ರೊಸಾಕ್ಸ್ ಗುಡ್ಡಗಳ ಒಳಗಡೆ ಹೋದರೆ ಒಂದೇ ಕಾರು ಹಿಡಿಸುವ ರಸ್ತೆಗಳು ಸಿಗುತ್ತವೆ. ಅಲ್ಲಲ್ಲಿ ಪಕ್ಕಕ್ಕೆ ಸರಿಯಲು ಜಾಗ ಬಿಟ್ಟು, 'ಪಾಸಿಂಗ್ ಪ್ಲೇಸ್' ಎಂದು ಬೋರ್ಡ್ ಹಾಕಿರುತ್ತಾರೆ. ಆ ಜಾಗ ನಿಮ್ಮ ಎಡಕ್ಕಿದ್ದರೆ ಒಳಗೆ ಸರಿದು ನಿಲ್ಲಿ. ಬಲಕ್ಕಿದ್ದರೆ ರಸ್ತೆಯಲ್ಲೇ ಅದರ ಎದುರಿಗೆ ನಿಂತು ಎದುರಿನವರನ್ನು ಅದರೊಳಗೆ ಬಳಸಿಕೊಂಡು ಹೋಗಲು ಬಿಡಿ. ಕಾರು ನಿಲ್ಲಿಸಿ ಫೋಟೋ ತೆಗೆಯುವ ಜಾಗ ಅದಲ್ಲ. ಹಿಂದೆ ಯಾರಾದರೂ ಅವಸರದಲ್ಲಿದ್ದರೆ ಅವರಿಗೂ ಅಲ್ಲೇ ದಾರಿ ಕೊಡಿ. ದಾಟುವಾಗ ಎದುರಿನವರು ಸ್ಟಿಯರಿಂಗ್ ಮೇಲಿಂದ ಒಂದು ಬೆರಳು ಎತ್ತುತ್ತಾರೆ. ನೀವೂ ಎತ್ತಿ. ಹಾರ್ನ್ ಮಾತ್ರ ಮುಟ್ಟಬೇಡಿ.